ಹಿಯರಿಗೂ ಲಿಸನ್ನಿಗೂ ನಡುವೆ ಸಿಕ್ಕಿಬಿದ್ದ ಮಾವ

ಲಿಸನಪ್ಪನವರು ನಮ್ಮ ತಲೆಯ ಮೇಲೆ ವಾಸವಾಗಿದ್ದಾರೆ. ತಲೆಯ ಮೇಲೆ ಎಂದರೆ ಮೇಲಿನ ಮಹಡಿಯಲ್ಲಿ. ಅವರ ಬಚ್ಚಲಿನ ನಲ್ಲಿ ಸೋರಿದರೆ ನಮ್ಮ ಅಡುಗೆಮನೆಯ ಚಾವಣಿ ಒದ್ದೆಯಾಗುತ್ತದೆ, ಅವರು ಬಾಯಿ ತೆರೆದರೆ ನಮ್ಮ ಕಿವಿ ತುಂಬುತ್ತದೆ. ಅವರ ಮನೆಯ ಸಂಗತಿಗಳೆಲ್ಲ ನನಗೆ ಹೇಗೆ ಗೊತ್ತು ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ನಾವು ಕದ್ದು ಕೇಳುವ ಜನ ಅಲ್ಲ. ಅವರ ಮಾತು ತಾನಾಗಿಯೇ ಮೆಟ್ಟಿಲಿಳಿದು ಬರುತ್ತದೆ. ಬಾಗಿಲು ಹಾಕಿಕೊಂಡರೆ ಕಿಟಕಿಯಿಂದ ಬರುತ್ತದೆ.

ಇದಕ್ಕೆ ಕಾರಣ ಅವರ ಉದ್ಯೋಗ. ಕಿವಿ ಮಂದವಾದವರಿಗೆ ಮಿಷನ್ ಮಾರುವ ಅಂಗಡಿಯೊಂದರಲ್ಲಿ ಕಿವಿ ಪರೀಕ್ಷೆ ಮಾಡುವುದು ಅವರ ಕೆಲಸ. ದಿನವಿಡೀ ಕೇಳಿಸದವರ ಜೊತೆ ಮಾತಾಡಿ ಮಾತಾಡಿ ಅವರ ಕಂಠ ಒಂದು ಎತ್ತರಕ್ಕೆ ಹೋಗಿ ನಿಂತುಬಿಟ್ಟಿದೆ, ಮನೆಗೆ ಬಂದರೂ ಇಳಿಯುವುದಿಲ್ಲ. ಇಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಹೋದ ವರ್ಷ ಮಿಷನ್ ತಯಾರಿಸುವ ಕಂಪನಿಯವರು ಅವರನ್ನು ಒಂದು ತರಬೇತಿಗೆ ಕರೆಸಿಕೊಂಡರು. ಅಲ್ಲಿ ಯಾರೋ ಒಬ್ಬರು, ಊಟಕ್ಕೆ ಮುಂಚೆ ಇನ್ನೂ ಸ್ವಲ್ಪ ಹೊತ್ತು ಉಳಿದಿದೆ ಎಂದು, ಇಂಗ್ಲಿಷಿನಲ್ಲಿ ಹಿಯರ್ ಬೇರೆ, ಲಿಸನ್ ಬೇರೆ ಎಂದು ಒಂದು ಮಾತು ಹೇಳಿದರಂತೆ. ಹೇಳಿದವರು ಊಟ ಮಾಡಿ ಮರೆತಿರಬೇಕು. ನಮ್ಮವರಿಗೆ ಅದು ತಲೆಗೇರಿತು.

ಅಲ್ಲಿಯ ತನಕ ಕಟ್ಟಡದಲ್ಲಿ ಅವರಿಗೆ ಮಿಷನ್ ಮಾಮ ಎಂದು ಹೆಸರಿತ್ತು. ತರಬೇತಿಯಿಂದ ಬಂದ ವಾರದಲ್ಲೇ ಲಿಸನಪ್ಪ ಆದರು.

"ನಮ್ಮ ಭಾಷೇಲಿ ಎಲ್ಲದಕ್ಕೂ ಒಂದೇ ಕೇಳು" ಎಂದು ಅವರು ಶುರು ಮಾಡುತ್ತಾರೆ. "ಸದ್ದು ಬಿದ್ರೂ ಕೇಳು, ಗಮನ ಕೊಟ್ರೂ ಕೇಳು, ಅಂಗಡೀಲಿ ಸಾಮಾನು ಬೇಕಾದ್ರೂ ಕೇಳು. ಇಂಗ್ಲಿಷಿನವರು ಹಾಗೆ ಕಲಸುಮೇಲೋಗರ ಮಾಡಲ್ಲ. ಹಿಯರ್ ಅಂದ್ರೆ ಕಿವಿ ಕೆಲಸ. ಲಿಸನ್ ಅಂದ್ರೆ ಮನುಷ್ಯನ ಕೆಲಸ. ರಸ್ತೇಲಿ ಲಾರಿ ಹಾರ್ನ್ ಹೊಡೀತು, ಅದು ಹಿಯರ್. ಈಗ ನಾನು ಮಾತಾಡ್ತಾ ಇದೀನಿ, ಇದು ಲಿಸನ್."

ಅರ್ಥ ಮುಗಿದ ಮೇಲೆ ವ್ಯಾಕರಣ. ಲಿಸನ್ ಬಂದಾಗ ಅದರ ಬಾಲಕ್ಕೆ ಟು ಎಂದು ಕಟ್ಟಬೇಕು, ಹಿಯರ್‌ಗೆ ಬಾಲ ಬೇಡ. ಐ ಆಮ್ ಲಿಸನಿಂಗ್ ಎನ್ನಬಹುದು, ಅದು ನಾವು ಬೇಕೆಂದು ಮಾಡುವ ಕೆಲಸ. ಐ ಆಮ್ ಹಿಯರಿಂಗ್ ಎಂದರೆ ಸಾಮಾನ್ಯವಾಗಿ ತಪ್ಪು, ಯಾಕೆಂದರೆ ಕಿವಿಗೆ ಬೀಳುವುದನ್ನು ಯಾರೂ ಕೂತು ಮಾಡುತ್ತಿರಲಾರರು. ಇದೆಲ್ಲ ನಿಜವೇ ಇರಬೇಕು. ಪುಸ್ತಕ ತೆಗೆದು ನೋಡಿದೆ, ಹಾಗೇ ಇದೆ. ತೊಂದರೆ ಇರುವುದು ಬೇರೆ ಕಡೆ. ಯಾರ ಬಾಯಿಂದ 'ಕೇಳಿ' ಎಂಬ ಮಾತು ಬಿದ್ದರೂ ಅವರಿಗೆ ಈ ಪಾಠ ಹತ್ತಿಕೊಳ್ಳುತ್ತದೆ. ನಮ್ಮ ಜನ ದಿನಕ್ಕೆ ಎಷ್ಟು ಸಲ 'ಇಲ್ಲಿ ಕೇಳಿ' ಎನ್ನುತ್ತಾರೆ ಎಂಬುದು ನನಗೆ ತಿಳಿದದ್ದೇ ಆಮೇಲೆ.

ನಲ್ಲಿಯ ದೂರು ಹೊತ್ತುಕೊಂಡು ನಾನು ಮೇಲೆ ಹೋಗಿದ್ದೆ. "ಸ್ವಲ್ಪ ಇಲ್ಲಿ ಕೇಳಿ, ನಿಮ್ಮ ಬಚ್ಚಲು" ಎಂದೆ. ಬಚ್ಚಲಿನಿಂದ ಮುಂದಕ್ಕೆ ಅವರು ನನ್ನನ್ನು ಬಿಡಲಿಲ್ಲ.

"ಕೇಳಿ ಅಂದ್ರಿ. ಯಾವ ಕೇಳಿ? ಹಿಯರ್ ಕೇಳಿನೋ, ಲಿಸನ್ ಕೇಳಿನೋ?"

ಕೆಳಗೆ ಬರುವ ಹೊತ್ತಿಗೆ ನನಗೆ ಟು ಎಲ್ಲಿ ಹಾಕಬೇಕು ಎಂಬುದು ಮನದಟ್ಟಾಗಿತ್ತು. ಚಾವಣಿ ಒದ್ದೆಯಾಗಿಯೇ ಇತ್ತು. ಒಲೆಯ ಪಕ್ಕದಲ್ಲಿ ಒಂದು ಬಕೆಟ್ ಇಟ್ಟು ಸುಮ್ಮನಾದೆ.

ಹೀಗಿರುವಾಗ ಅವರ ಮಾವ ಬಂದರು. ಮಗನ ಮನೆಗೆ ಸುಣ್ಣಬಣ್ಣ ನಡೆಯುತ್ತಿತ್ತು, ಅದು ಮುಗಿಯುವ ತನಕ ಮಗಳ ಮನೆಯಲ್ಲಿರೋಣವೆಂದು ಒಂದು ಕೈಚೀಲ ಹಿಡಿದು ಬಂದವರು. ವಯಸ್ಸಾಗಿದ್ದರೂ ಗಟ್ಟಿಮುಟ್ಟಾದ ಜೀವ. ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮೊದಲ ದಿನ ಮೆಟ್ಟಿಲಲ್ಲಿ ಎದುರಾದಾಗ ನನ್ನ ಮುಖ ನೋಡುವ ಮುಂಚೆ ಮಣಿಕಟ್ಟು ನೋಡಿದರು.

"ನಿಮ್ಮ ಗಡಿಯಾರ ಸ್ವಲ್ಪ ಕುಂಟ್ತಾ ಇದೆ. ಎಣ್ಣೆ ಆರಿರಬೇಕು."

ನನ್ನ ಗಡಿಯಾರ ಅಂಗಿಯ ತೋಳಿನೊಳಗಿತ್ತು, ಅವರು ನನಗಿಂತ ಕೆಳಗಿನ ತಿರುವಿನಲ್ಲಿ ನಿಂತಿದ್ದರು. ಕಿವಿ ಎಂದರೆ ಹಾಗಿತ್ತು.

ಅವರು ದಿನಾ ಬೆಳಿಗ್ಗೆ ಪಾರ್ಕಿಗೆ ಹೋಗುತ್ತಿದ್ದರು. ಅಲ್ಲಿ ಬೆಂಚಿನಲ್ಲಿ ಅವರ ಪಕ್ಕದಲ್ಲಿ ಕೂರುತ್ತಿದ್ದವರು ಬೇರೆ ಯಾರೂ ಅಲ್ಲ, ಲಿಸನಪ್ಪನವರ ಅಂಗಡಿ ಯಜಮಾನರ ತಂದೆ. ಇಬ್ಬರು ಹಿರಿಯರು ಒಂದು ಬೆಂಚಿನಲ್ಲಿ ಕೂತ ಮೇಲೆ ಗುಟ್ಟು ಎಷ್ಟು ದಿನ ನಿಲ್ಲುತ್ತದೆ. ಯಜಮಾನರು ಪೇಟೆಯ ಇನ್ನೊಂದು ತುದಿಯಲ್ಲಿ ಹೊಸ ಅಂಗಡಿ ತೆರೆಯುತ್ತಿದ್ದಾರೆ, ಅದಕ್ಕೊಬ್ಬ ಮ್ಯಾನೇಜರ್ ಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ ಸಂಗತಿ ಬೆಂಚಿನ ಮೇಲೆ ಹೊರಬಿತ್ತು. ಅದನ್ನು ಮಾವನವರು ನನಗೆ ಮೆಟ್ಟಿಲ ಮೇಲೆ ನಿಂತು ಹೇಳಿದರು.

"ನಮ್ಮ ಅಳಿಯಂದಿರ ಕೈಲಿ ಪರೀಕ್ಷೆ ಮಾಡಿಸ್ಕೊಂಡು ಮಿಷನ್ ತಗೊಂಡವರೆಲ್ಲ, ಸದ್ದು ಜಾಸ್ತಿ ಆಯ್ತು ಅಂತ ವಾಪಸ್ ತರ್ತಾರಂತೆ. ಗಿರಾಕಿಗೆ ಮಾತಾಡೋಕೆ ಬಿಡಲ್ಲ ಅಂತಲೂ ಯಜಮಾನರಿಗೆ ಅನುಮಾನ. ಆದ್ರೂ ಹಳೇ ಮನುಷ್ಯ, ಮ್ಯಾನೇಜರ್ ಮಾಡ್ಬೇಕು ಅಂತಲೇ ಅವರ ಆಸೆ. ಉದ್ಘಾಟನೆ ದಿನ ನೋಡ್ತಾರಂತೆ. ಅವತ್ತು ಭಾಷಣ ಬಿಗೀದೆ ಬಂದವರ ಮಾತು ಕೇಳ್ತಾ ನಿಂತ್ಕೊಂಡ್ರೆ ಕೆಲಸ ಇವರಿಗೆ. ಇಲ್ಲಾಂದ್ರೆ ಬಿಲ್ ಹಾಕೋ ಆಯಮ್ಮನಿಗೆ."

"ಯಜಮಾನರೇ ನೇರವಾಗಿ ಹೇಳಬಹುದಲ್ಲ?"

"ಹೇಳಿಬಿಟ್ರೆ ಪರೀಕ್ಷೆ ಎಲ್ಲಾಯ್ತು?"

ಲಿಸನಪ್ಪನವರಿಗೆ ಆ ಕೆಲಸದ ಮೇಲೆ ಎಷ್ಟೋ ವರ್ಷದ ಕಣ್ಣು. ಹೊಸ ಅಂಗಡಿಯಲ್ಲಿ ಮ್ಯಾನೇಜರಿಗೆ ಗಾಜಿನ ಬಾಗಿಲಿನ ಕೋಣೆ ಎಂದು ಕೇಳಿ ಬಂದ ದಿನ ಅವರು ಖುಷಿಗೆ ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದನ್ನೇ ಮರೆತರಂತೆ. ಅವರ ಹೆಂಡತಿಗೂ ಆಸೆ ಇತ್ತು. "ಗಾಜಿನ ಬಾಗಿಲು ಮುಚ್ಕೊಂಡು ಅಲ್ಲೇ ಎಲ್ಲಾ ಮಾತಾಡಿ ಬರಲಿ" ಎಂದು ಆಕೆ ನಮ್ಮ ಮನೆಯಲ್ಲಿ ಹೇಳಿಕೊಂಡಿದ್ದರು. ಇಡೀ ಕಟ್ಟಡಕ್ಕೇ ಅದರಲ್ಲಿ ಹಿತವಿತ್ತು. ಆದ್ದರಿಂದ ಈ ಒಂದು ಸಣ್ಣ ಮಾತನ್ನು ಅವರ ಕಿವಿಗೆ ಹಾಕುವುದು ನಮ್ಮೆಲ್ಲರ ಕರ್ತವ್ಯವಾಯಿತು.

ಮೊದಲು ಮಾವನವರು ಊಟಕ್ಕೆ ಕೂತಾಗ ಪ್ರಯತ್ನಿಸಿದರು. "ಅಳಿಯಂದಿರೇ, ಒಂದು ಮಾತು ಕೇಳಿ" ಎಂದರು. ಮಜ್ಜಿಗೆಯ ತನಕ ಹಿಯರ್ ಮತ್ತು ಲಿಸನ್ ನಡೆಯಿತು. ಮರುದಿನ ಜಾಗರೂಕತೆಯಿಂದ 'ಕೇಳಿ' ಬಿಟ್ಟು, "ಅಳಿಯಂದಿರೇ, ನಿಮ್ಮ ಯಜಮಾನರ ತಂದೆ ಸಿಕ್ಕಿದ್ರು" ಎಂದರು. "ಅವರಿಗೆ ಕಿವಿ ಹೇಗಿದೆ ಮಾವ?" ಎಂದವರೇ ಲಿಸನಪ್ಪನವರು ಉತ್ತರಕ್ಕೆ ಕಾಯದೆ, ವಯಸ್ಸಾದವರ ಹಿಯರ್ ಹೋದರೂ ಲಿಸನ್ ಹೇಗೆ ಉಳಿದಿರುತ್ತದೆ ಎಂಬುದನ್ನು ವಿವರಿಸತೊಡಗಿದರು. ನಾನು ಬಸ್ ನಿಲ್ದಾಣದ ತನಕ ಜೊತೆಗೆ ನಡೆದು ನೋಡಿದೆ. ಬಸ್ಸು ಬಂತು, ಹೋಯಿತು, ನನ್ನ ಮಾತು ಮಾತ್ರ ಹೇಳಿ ಮುಗಿಯಲಿಲ್ಲ.

ಕೊನೆಗೆ ಅವರ ಹೆಂಡತಿಯೇ ಒಂದು ಚೀಟಿ ಬರೆದು ಕನ್ನಡಿಗೆ ಅಂಟಿಸಿದರು. 'ಉದ್ಘಾಟನೆ ದಿನ ಭಾಷಣ ಬೇಡ. ಅಪ್ಪನ ಮಾತು ಕೇಳಿ.' ಲಿಸನಪ್ಪನವರು ಗಡ್ಡ ಹೆರೆದುಕೊಳ್ಳುತ್ತಾ ಅದನ್ನು ಓದಿ ಎಷ್ಟು ಸಂತೋಷಪಟ್ಟರೆಂದರೆ, ಮುಖದ ನೊರೆ ಒರೆಸಿಕೊಳ್ಳದೆ ಹೊರಗೆ ಬಂದರು.

"ಅಪ್ಪನ ಮಾತು ಕೇಳಿ. ಎಂಥಾ ವಾಕ್ಯ ಬರೆದಿದೀಯಾ. ಇಲ್ಲಿ ಹಿಯರ್ ಹಾಕಿದ್ರೆ ಕೆಟ್ಟೇಹೋಯ್ತು, ಲಿಸನ್ನೇ ಬೇಕು. ಟು ಸಮೇತ. ಉದಾಹರಣೆಗೆ ಇದಕ್ಕಿಂತ ಒಳ್ಳೇದು ಹುಡುಕಿದ್ರೂ ಸಿಗಲ್ಲ."

"ರೀ, ಮೇಲಿನ ಸಾಲು ಓದಿ."

ಅಷ್ಟರಲ್ಲಿ ಅವರು ಒಳಗೆ ಹೋಗಿಯಾಗಿತ್ತು. ಉದ್ಘಾಟನೆಗೆಂದು ಅವರು ಸಿದ್ಧ ಮಾಡುತ್ತಿದ್ದ ಭಾಷಣಕ್ಕೆ ಆ ವಾಕ್ಯವೂ ಸೇರಿತು. ಭಾಷಣ ಬೇಡ ಎಂಬ ಚೀಟಿಯಿಂದಲೇ ಭಾಷಣ ಇನ್ನಷ್ಟು ಉದ್ದವಾಯಿತು.

ಮಾವನವರು ಸೋತು ಸುಮ್ಮನಾದರು. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದರು, ಎದ್ದರೆ ಕಿಟಕಿ ನೋಡುತ್ತಿದ್ದರು. ಅಳಿಯ ಏನು ಹೇಳಿದರೂ ಹೂಂ ಇಲ್ಲ, ಉಹೂಂ ಇಲ್ಲ. ಎರಡು ಮೂರು ದಿನ ಹೀಗೆ ನಡೆದ ಮೇಲೆ ಲಿಸನಪ್ಪನವರ ಮುಖದಲ್ಲಿ ವೈದ್ಯಕೀಯ ಗಾಂಭೀರ್ಯ ಮೂಡಿತು. ಒಂದು ಸಂಜೆ ಅವರು ಮಾವನ ಕುರ್ಚಿಯ ಹಿಂದೆ ಸದ್ದಿಲ್ಲದೆ ಹೋಗಿ ನಿಂತು ಚಪ್ಪಾಳೆ ತಟ್ಟಿದರು. ಕೆಳಗೆ ನಮ್ಮ ಮನೆಯ ಬೆಕ್ಕು ಬೆಚ್ಚಿಬಿತ್ತು. ಮಾವ ಅಲುಗಾಡಲಿಲ್ಲ.

"ಪೂರ್ತಿ ಹೋಗಿದೆ" ಎಂದು ಅವರು ಹೆಂಡತಿಗೆ ಹೇಳಿದ್ದು ಎದುರು ಕಟ್ಟಡದವರಿಗೂ ಕೇಳಿಸಿತು.

ಮರುದಿನ ನಾನು ಮೆಟ್ಟಿಲಲ್ಲಿ ವಿಚಾರಿಸಿದೆ. "ಚಪ್ಪಾಳೆ ಕೇಳಿಸಲಿಲ್ವಾ?"

"ಕೇಳಿಸ್ತು. ಭಾಷಣ ಮುಗೀತು ಅಂತ ತಿಳ್ಕೊಂಡೆ."

"ಕಿವಿ ಚೆನ್ನಾಗಿದೆ ಅಂತ ಹೇಳಬಾರದಿತ್ತೇ?"

"ಹೇಳ್ದೆ. ಆಗ ಅವರು ಮಾತಾಡ್ತಾ ಇದ್ರು."

ಲಿಸನಪ್ಪನವರು ಮಾವನನ್ನು ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಸಣ್ಣ ಕೋಣೆ ಇದೆ, ಹೊರಗಿನ ಸದ್ದು ಒಳಗೆ ಬರದ ಹಾಗೆ ಗೋಡೆಗೆಲ್ಲ ಮೆತ್ತೆ ಹೊಡೆದಿದ್ದಾರೆ. ಪರೀಕ್ಷೆಗೆ ಬಂದವರನ್ನು ಒಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಡುತ್ತಾರೆ. ಸಣ್ಣಗೆ ಕುಂಯ್ ಎಂದು ಸದ್ದು ಬರುತ್ತದೆ, ಕೇಳಿಸಿದಾಗ ಗುಂಡಿ ಒತ್ತಬೇಕು. ಸದ್ದು ಕಳಿಸುವವನು ಹೊರಗೆ ಗಾಜಿನಾಚೆ ಬಾಯಿ ಮುಚ್ಚಿಕೊಂಡು ಕೂರಬೇಕು. ಒಳಗಿದ್ದವರಿಗೆ ಸೂಚನೆ ಕೊಡಲು ಒಂದು ಮೈಕು ಇದೆ, ಸೂಚನೆ ಕೊಟ್ಟ ಮೇಲೆ ಅದನ್ನು ಆರಿಸಬೇಕು. ಲಿಸನಪ್ಪನವರು ಆ ಮೈಕನ್ನು ಕೆಲಸಕ್ಕೆ ಸೇರಿದ ದಿನದಿಂದ ಒಮ್ಮೆಯೂ ಆರಿಸಿದವರಲ್ಲ.

"ಈಗ ಒಂದು ಸದ್ದು ಬರುತ್ತೆ ಮಾವ. ಅದು ಕಿವಿಗೆ ಬಿದ್ರೆ ಹಿಯರ್. ಆದ್ರೆ ಬರುತ್ತೆ ಅಂತ ಕಾಯ್ತಾ ಇದೀರಲ್ಲ, ಅದು ಲಿಸನ್. ಬಂತಾ? ಬಂದು ಹೋಯ್ತು. ಇನ್ನೊಂದು ಬರುತ್ತೆ."

ಕುಂಯ್ ಎಂಬ ಸದ್ದು ಬರುತ್ತಲೂ ಇತ್ತು, ಅಳಿಯನ ಕಂಠದಡಿ ಸಿಕ್ಕಿ ಸಾಯುತ್ತಲೂ ಇತ್ತು. ಮಾವನ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಮಲಗಿತ್ತು. ಪರೀಕ್ಷೆ ಮುಗಿದಾಗ ಯಂತ್ರ ಬರೆದುಕೊಟ್ಟ ಗೆರೆ ಕಾಗದದ ತಳ ಮುಟ್ಟಿತ್ತು. ಆ ಅಂಗಡಿಯ ಗಿರಾಕಿಗಳೆಲ್ಲ ಸದ್ದು ಜಾಸ್ತಿಯೆಂದು ಮಿಷನ್ ಯಾಕೆ ವಾಪಸ್ ತರುತ್ತಿದ್ದರು ಎಂಬುದು ಇಲ್ಲಿಗೆ ಓದುಗರಿಗೆ ತಿಳಿದಿರಬೇಕು. ಲಿಸನಪ್ಪನವರಿಗೆ ತಿಳಿಯಲಿಲ್ಲ. ಅವರು ನೇರವಾಗಿ ಯಜಮಾನರ ಬಳಿ ಹೋಗಿ, ಉದ್ಘಾಟನೆ ದಿನ ತಮ್ಮ ಮಾವನಿಗೇ ಎಲ್ಲರೆದುರು ಮಿಷನ್ ಹಾಕಿ ಕಿವಿ ಕೇಳಿಸುವಂತೆ ಮಾಡುವುದಾಗಿ ಹೇಳಿ ಒಪ್ಪಿಸಿ ಬಂದರು.

ಉದ್ಘಾಟನೆಗೆ ನಮ್ಮ ಕಟ್ಟಡದವರೆಲ್ಲ ಹೋಗಿದ್ದೆವು. ಹೊಸ ಅಂಗಡಿಯಲ್ಲಿ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಸಾಲು ಕುರ್ಚಿಗಳ ತುಂಬ ಹಿರಿಯರು, ಅವರನ್ನು ಕರೆತಂದ ಮಕ್ಕಳು, ಸೊಸೆಯರು. ಗಾಜಿನ ಬಾಗಿಲಿನ ಕೋಣೆ ಒಂದು ಪಕ್ಕದಲ್ಲಿ ಖಾಲಿ ಇತ್ತು. ಮುಖ್ಯ ಅತಿಥಿಯಾಗಿ ಬಂದಿದ್ದ ಕಿವಿ ಡಾಕ್ಟರು ಮುಂದಿನ ಸಾಲಿನಲ್ಲಿ ಕೂತಿದ್ದರು. ಬಿಲ್ ಹಾಕುವ ಆಯಮ್ಮ ಬಾಗಿಲ ಬಳಿ ನಿಂತು, ಒಬ್ಬ ಮುದುಕರು ತಮ್ಮ ಹಲ್ಲುಸೆಟ್ಟಿನ ಕಥೆ ಹೇಳುತ್ತಿದ್ದುದನ್ನು ತಲೆಯಾಡಿಸುತ್ತಾ ಕೇಳುತ್ತಿದ್ದಳು.

"ಎರಡು ಮಾತಲ್ಲಿ ಸ್ವಾಗತ ಮಾಡಿಬಿಡಿ" ಎಂದು ಯಜಮಾನರು ಲಿಸನಪ್ಪನವರ ಕೈಗೆ ಮೈಕು ಕೊಟ್ಟರು. ಕೊಟ್ಟು ಅವರನ್ನೇ ನೋಡುತ್ತಾ ನಿಂತರು.

ಎರಡು ಮಾತು ಎಂದರೆ ಅವರಿಗೆ ಹಿಯರ್ ಮತ್ತು ಲಿಸನ್ ಎಂದೇ ಅರ್ಥವಾಗಿರಬೇಕು. ಲಾರಿಯ ಹಾರ್ನ್ ಬಂತು. ಬಾಲಕ್ಕೆ ಟು ಬಂತು. 'ಅಪ್ಪನ ಮಾತು ಕೇಳಿ' ಬಂತು, ಆ ವಾಕ್ಯವನ್ನು ತಮ್ಮ ಮನೆಯವಳೇ ಕನ್ನಡಿಗೆ ಅಂಟಿಸಿದಳು ಎಂದು ಹೆಮ್ಮೆಯಿಂದ ಹೇಳಿ ಚಪ್ಪಾಳೆಗಾಗಿ ನಿಂತರು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಹಿಂದಿನ ಸಾಲಿನಲ್ಲಿ ಒಬ್ಬರು ತಾವು ಮೊದಲೇ ಹಾಕಿಕೊಂಡಿದ್ದ ಮಿಷನ್ನನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಯಜಮಾನರ ಮುಖ ಇಳಿಯುತ್ತಾ ಬಂತು. ನಲ್ಲಿಯ ಸಿಟ್ಟು ನನಗಿದ್ದದ್ದು ಹೌದು, ಆದರೆ ಒಬ್ಬ ಮನುಷ್ಯ ತನ್ನ ಕೈಯಾರೆ ತನ್ನ ಕುರ್ಚಿಯನ್ನು ಒದೆಯುತ್ತಿರುವುದನ್ನು ನೋಡುವುದು ಕಷ್ಟ.

ಕೊನೆಗೂ ಮಾವನವರನ್ನು ಮುಂದೆ ಕೂರಿಸಿದ್ದಾಯಿತು. ಲಿಸನಪ್ಪನವರು ಮಿಷನ್ ಹಾಕಲು ಹೊರಟಾಗ ಡಾಕ್ಟರು ಎದ್ದರು.

"ಮೊದಲು ಒಂದು ಪರೀಕ್ಷೆ ಮಾಡಿ ತೋರಿಸಿ. ಜನಕ್ಕೂ ಗೊತ್ತಾಗಲಿ."

ಮೇಜಿನ ಮೇಲೆ ಸಣ್ಣ ಯಂತ್ರವೊಂದಿತ್ತು. ಮಾವನಿಗೆ ಹೆಡ್‌ಫೋನ್ ಹಾಕಿ, ಗುಂಡಿ ಕೊಟ್ಟು, ಲಿಸನಪ್ಪನವರು ಸದ್ದು ಕಳಿಸತೊಡಗಿದರು. ಜೊತೆಗೆ ಮೈಕಿನಲ್ಲಿ ವಿವರಣೆಯನ್ನೂ ಕಳಿಸತೊಡಗಿದರು. ಮಾವ ಗುಂಡಿ ಒತ್ತಲಿಲ್ಲ. "ನೋಡಿ" ಎಂದರು ಲಿಸನಪ್ಪನವರು ಸಭೆಯ ಕಡೆ ತಿರುಗಿ. ಡಾಕ್ಟರು ಅವರ ಕೈಯಿಂದ ಮೈಕು ತೆಗೆದು ಮೇಜಿನ ಮೇಲಿಟ್ಟರು.

"ನೀವು ಒಂದು ನಿಮಿಷ ಸುಮ್ಮನಿರಿ."

ಆಮೇಲೆ ಡಾಕ್ಟರೇ ಯಂತ್ರದ ಮುಂದೆ ಕೂತು ಸದ್ದು ಕಳಿಸಿದರು. ಮಾವ ಗುಂಡಿ ಒತ್ತಿದರು. ಇನ್ನೂ ಸಣ್ಣದು ಕಳಿಸಿದರು, ಒತ್ತಿದರು. ಸೊಳ್ಳೆಯ ಸದ್ದಿಗಿಂತ ಸಣ್ಣದಾಯಿತು, ಆಗಲೂ ಒತ್ತಿದರು. ಡಾಕ್ಟರು ಹೆಡ್‌ಫೋನ್ ತೆಗೆದು, ಇಷ್ಟು ಚುರುಕಾದ ಕಿವಿಯನ್ನು ಈ ವಯಸ್ಸಿನಲ್ಲಿ ತಾವು ನೋಡಿಲ್ಲ ಎಂದರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು, ನಗು ಹಿಂದಿನ ಸಾಲಿನ ತನಕ ಹೋಯಿತು.

ಲಿಸನಪ್ಪನವರು ಮತ್ತೆ ಮೈಕು ಎತ್ತಿಕೊಂಡರು. "ಹಾಗಾದ್ರೆ ಇಷ್ಟು ದಿನ ಯಾಕೆ ಮಾತಾಡಲಿಲ್ಲ ಮಾವ?" ಎಂದು ಕೇಳಿ, ಮೈಕನ್ನು ಮಾವನ ಬಾಯಿಗೆ ಹಿಡಿದರು. ಪ್ರಶ್ನೆ ಕೇಳಿ ಅವರು ಉತ್ತರಕ್ಕೆ ಕಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೇರೆ ದಾರಿ ಇರಲಿಲ್ಲ, ಮೈಕು ಇದ್ದದ್ದು ಒಂದೇ.

"ಜಾಗ ಸಿಗಲಿಲ್ಲ ಅಳಿಯಂದಿರೇ" ಎಂದರು ಮಾವ. ಸ್ವರ ಮೆತ್ತಗಿತ್ತು, ಆದರೆ ಸ್ಪೀಕರಿನಿಂದ ಬೀದಿಯ ತನಕ ಹೋಯಿತು. "ಈಗ ಸಿಕ್ಕಿದೆ, ಹೇಳಿಬಿಡ್ತೀನಿ. ಉದ್ಘಾಟನೆ ದಿನ ನೀವು ಭಾಷಣ ಮಾಡದೆ ಜನರ ಮಾತು ಕೇಳ್ತಾ ನಿಂತ್ರೆ ಮ್ಯಾನೇಜರ್ ಕೆಲಸ ನಿಮಗೇ ಅಂತ ಯಜಮಾನರು ತೀರ್ಮಾನ ಮಾಡಿದಾರೆ. ಇದೊಂದು ಮಾತು ಹೇಳೋಣ ಅಂತ ಬಂದಾಗಿಂದ ಕಾಯ್ತಾ ಇದೀನಿ."

ಸಭೆಯಲ್ಲಿ ಯಾರೂ ನಗಲಿಲ್ಲ. ಲಿಸನಪ್ಪನವರು ಮೈಕನ್ನು ಮೇಜಿನ ಮೇಲಿಟ್ಟರು. ಯಜಮಾನರು ಅವರ ಹೆಗಲ ಮೇಲೊಮ್ಮೆ ಕೈಯಿಟ್ಟು, ಆಮೇಲೆ ಬಾಗಿಲ ಬಳಿ ಹೋಗಿ ಗಾಜಿನ ಕೋಣೆಯ ಬೀಗದ ಕೈಯನ್ನು ಆಯಮ್ಮನಿಗೆ ಕೊಟ್ಟರು. "ಆಗಲಿ ಸಾರ್" ಎಂದು ತೆಗೆದುಕೊಂಡು ಆಕೆ ಹಲ್ಲುಸೆಟ್ಟಿನವರ ಕಡೆ ತಿರುಗಿದಳು, ಕಥೆ ಇನ್ನೂ ಸ್ವಲ್ಪ ಬಾಕಿ ಇತ್ತು.

ಜನ ಚದುರುವಾಗ ಲಿಸನಪ್ಪನವರ ಹೆಂಡತಿ ಡಾಕ್ಟರ ಬಳಿ ಹೋದರು.

"ಡಾಕ್ಟ್ರೇ, ಇವರ ಕಿವೀನೂ ಒಂದ್ಸಲ ನೋಡಿಬಿಡಿ."

ಡಾಕ್ಟರು ಅವರನ್ನೂ ಕೂರಿಸಿ ನೋಡಿದರು. ಲಿಸನಪ್ಪನವರು ಒಂದು ಮಾತೂ ಆಡದೆ ಗುಂಡಿ ಒತ್ತಿದರು. ಒಂದು ಸದ್ದೂ ಅವರ ಕಿವಿಗೆ ತಪ್ಪಲಿಲ್ಲ.

"ಏನೂ ದೋಷ ಇಲ್ಲಮ್ಮ. ಎರಡು ಕಿವೀನೂ ಚೆನ್ನಾಗಿದೆ."

ಆಕೆಯ ಮುಖ ಬಾಡಿತು. "ಏನೂ ಇಲ್ವಾ? ಏನಾದ್ರೂ ಇದ್ದಿದ್ರೆ ಒಂದು ಮಿಷನ್ ಹಾಕಿಸಿಬಿಡಬಹುದಿತ್ತು."

ಆ ಸಂಜೆ ಮೇಲಿನ ಮನೆಯಿಂದ ಸದ್ದೇ ಬರಲಿಲ್ಲ. ನಮಗೆ ಊಟ ರುಚಿಸಲಿಲ್ಲ. ಹೋಗಿ ನೋಡಿ ಬರೋಣವೇ ಎಂದು ಕಟ್ಟಡದವರೆಲ್ಲ ಮೆಟ್ಟಿಲಲ್ಲಿ ಸೇರಿ ಪಿಸುಗುಟ್ಟಿ ಹಾಗೇ ಚದುರಿದೆವು. ಮರುದಿನ ಬೆಳಿಗ್ಗೆ ಬಾಗಿಲು ಬಡಿಯಿತು. ಲಿಸನಪ್ಪನವರು.

"ಅವತ್ತು ಏನೋ ಹೇಳೋಕೆ ಬಂದಿದ್ರಲ್ಲ, ಏನದು?"

ಕೇಳಿ ಸುಮ್ಮನೆ ನಿಂತರು. ಎಷ್ಟೋ ತಿಂಗಳಿಂದ ಕಾಯ್ದಿಟ್ಟುಕೊಂಡಿದ್ದ ದೂರು ನನ್ನದು, ಆದರೆ ಕೊನೆಯ ತನಕ ಹೇಳಿ ಅಭ್ಯಾ‌ಸವಿಲ್ಲದೆ ನಾನೇ ತಡವರಿಸಿದೆ. ಬಚ್ಚಲು ಎಂದೆ, ನಲ್ಲಿ ಎಂದೆ, ಒಳಗೆ ಕರೆದು ಚಾವಣಿ ತೋರಿಸಿ, ಬಕೆಟ್ ತೋರಿಸಿದೆ. ನಡುವೆ ಎರಡು ಸಲ ಅವರ ತುಟಿ ಅದುರಿತು, ಕುತ್ತಿಗೆಯ ನರ ಉಬ್ಬಿತು, ಆದರೂ ಬಾಯಿ ತೆರೆಯಲಿಲ್ಲ. ಮಧ್ಯಾಹ್ನಕ್ಕೆ ನಲ್ಲಿ ರಿಪೇರಿಯವನು ಬಂದು ಹೋದ. ಚಾವಣಿ ಈಗ ಒಣಗಿದೆ.

ಮಗನ ಮನೆಯ ಸುಣ್ಣಬಣ್ಣ ಮುಗಿದು ಎಷ್ಟೋ ದಿನವಾಯಿತು, ಮಾವನವರು ಮಾತ್ರ ಹೊರಟಿಲ್ಲ. ಸಂಜೆ ಹೊತ್ತು ಅಳಿಯ ಮಾವ ಇಬ್ಬರೂ ಕಿಟಕಿಯ ಬಳಿ ಕೂರುತ್ತಾರೆ. ಮೇಲಿಂದ ಲಿಸನಪ್ಪನವರ ಕಂಠ ಕೇಳಿಸುತ್ತದೆ, "ಹೂಂ." ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ಮಾವ?" ಮತ್ತೆ ಸದ್ದಿಲ್ಲ. ನಾವು ಒಲೆ ಆರಿಸಿ, ಫ್ಯಾನು ನಿಲ್ಲಿಸಿ, ಕುರ್ಚಿ ಹತ್ತಿ ಚಾವಣಿಗೆ ಕಿವಿ ಕೊಟ್ಟು ಕೂತಿರುತ್ತೇವೆ. ಮಾವನವರು ಅಷ್ಟು ಹೊತ್ತು ಏನು ಹೇಳುತ್ತಾರೋ, ಒಂದಕ್ಷರವೂ ಕೇಳಿಸುವುದಿಲ್ಲ.